ಪಡುವಣಕ್ಕೆ ಸಾಗುವ ಅಲೆ

ನಮ್ಮ ದೊಡ್ಡಪ್ಪ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ಬಹಳ ವರ್ಷ ನೀರುಗಂಟಿಯಾಗಿದ್ದರು. ವಿಶ್ವೇಶ್ವರಯ್ಯ ನಾಲೆಯಿಂದ ಒಡೆದ ಉಪನಾಲೆಯೊಂದರ ಕೊನೆಭಾಗದ ಊರು ಅದು. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಯಾವ ಗದ್ದೆಯ ಸರದಿ ಯಾವ ಜಾವಕ್ಕೆ, ಯಾರ ತೂಬು ಎಷ್ಟು ಹೊತ್ತು ತೆರೆದಿರಬೇಕು ಎಂಬುದೆಲ್ಲ ಯಾವ ಚೀಟಿಯೂ ಇಲ್ಲದೆ ಅವರ ತಲೆಯಲ್ಲಿ ಇರುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ಅವರು ನನ್ನನ್ನು ನಾಲೆಯ ಕಲ್ಲುಮೆಟ್ಟಿಲ ಮೇಲೆ ಕೂರಿಸಿ, ತಮ್ಮ ಮಗನನ್ನು ಮೇಲಿನ ತೂಬಿಗೆ ಕಳಿಸಿದರು. ಅಣ್ಣ ಅಲ್ಲಿ ಹಲಗೆ ಎತ್ತಿದ ಕೂಡಲೇ ಒಂದು ದೊಡ್ಡ ಎಕ್ಕದ ಎಲೆಯನ್ನು ನೀರಿಗೆ ಬಿಡಬೇಕು, ನಾನು ಇಲ್ಲಿ ಅದನ್ನು ಹಿಡಿಯಬೇಕು. ನಾಲೆಯಲ್ಲಿ ಆಗಲೇ ಮೊಣಕಾಲುದ್ದ ನೀರಿತ್ತು. ನಾನು ಎಲೆಗಾಗಿ ಕಣ್ಣು ನೆಟ್ಟು ಕೂತಿದ್ದೆ. ಎಲೆ ಬರಲಿಲ್ಲ, ಆದರೆ ಕೆಳಗಿನ ಮೆಟ್ಟಿಲಿನ ಒಣಗಿದ ಅಂಚು ಸದ್ದಿಲ್ಲದೆ ಒದ್ದೆಯಾಗಿ, ನೀರು ನಾಲ್ಕು ಬೆರಳಿನಷ್ಟು ಮೇಲೇರಿತು. ಎಲೆ ತೇಲಿಕೊಂಡು ಬಂದದ್ದು ಅದಾದ ಬಹಳ ಹೊತ್ತಿನ ಮೇಲೆ. ದೊಡ್ಡಪ್ಪ ಬೀಡಿ ಆರಿಸುತ್ತಾ ಹೇಳಿದರು: "ನೀರ್ಗಿಂತ ಮುಂಚೆ ನೀರಿನ್ ಸುದ್ದಿ ಬತ್ತದೆ ಕನ್ಲಾ."

ಮುಂದೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಓದುವಾಗ ಅಲೆಗಳ ಅಧ್ಯಾಯಕ್ಕೆ ಬಂದ ದಿನ ಆ ಮೆಟ್ಟಿಲೇ ನನ್ನ ಕಣ್ಣ ಮುಂದೆ ಇತ್ತು. ಅಲೆ ಒಯ್ಯುವುದು ನೀರನ್ನಲ್ಲ, ನೀರಿಗೆ ಆದ ಬದಲಾವಣೆಯನ್ನು. ಈಗ ಹಲವು ವರ್ಷಗಳಿಂದ ನಾನು ಬಿಡುವಾದಾಗಲೆಲ್ಲ ಓದುತ್ತಿರುವುದು ಸಮುದ್ರದಲ್ಲಿ ಇದೇ ಕೆಲಸವನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಾಡುವ ಕೆಲವು ಅಲೆಗಳ ಕುರಿತು. ದಡದಲ್ಲಿ ನಿಂತವರಿಗೆ ಅವು ಕಾಣುವುದಿಲ್ಲ, ಹಡಗಿನಲ್ಲಿ ಹೋಗುವವರಿಗೂ ಕಾಣುವುದಿಲ್ಲ. ಒಂದು ಉಬ್ಬಿನಿಂದ ಇನ್ನೊಂದು ಉಬ್ಬಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್ ದೂರ. ಎತ್ತರ ಮಾತ್ರ ಹೆಚ್ಚೆಂದರೆ ಹತ್ತು ಸೆಂಟಿಮೀಟರಿನ ಆಸುಪಾಸು. ಆದರೂ ಸಾಗರದ ದೊಡ್ಡ ಪ್ರವಾಹಗಳು ಎಲ್ಲಿ ಹರಿಯಬೇಕು, ಯಾವಾಗ ದಿಕ್ಕು ಬದಲಿಸಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಇವೇ. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಹವಾಮಾನ ವಿಜ್ಞಾನಿ ಕಾರ್ಲ್ ಗುಸ್ತಾಫ್ ರಾಸ್‌ಬಿ 1939ರಲ್ಲಿ ವಾಯುಮಂಡಲದ ದೊಡ್ಡ ಬಳುಕುಗಳನ್ನು ವಿವರಿಸುತ್ತಾ ಇವುಗಳ ಸರಳ ಗಣಿತವನ್ನು ಕೊಟ್ಟರು. ಅದರಿಂದಾಗಿ ಗಾಳಿಯಲ್ಲಿರಲಿ, ನೀರಿನಲ್ಲಿರಲಿ ಇವುಗಳಿಗೆ ರಾಸ್‌ಬಿ ಅಲೆಗಳು ಎಂಬ ಹೆಸರು ನಿಂತಿದೆ. ಗ್ರಹದ ಅಲೆ ಎಂದೂ ಕರೆಯುತ್ತಾರೆ, ಏಕೆಂದರೆ ಗ್ರಹವೊಂದು ಗೋಲವಾಗಿದ್ದು ತಿರುಗುತ್ತಿದ್ದರೆ ಮಾತ್ರ ಇವು ಹುಟ್ಟುತ್ತವೆ.

ತಿರುಗುವ ಗೋಲಕ್ಕೂ ಅಲೆಗೂ ಏನು ಸಂಬಂಧ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಉತ್ತರ ಧ್ರುವದಲ್ಲಿ ನಿಂತವನ ಕಾಲಡಿಯ ನೆಲ ಬೀಸುವ ಕಲ್ಲಿನ ಹಾಗೆ ದಿನಕ್ಕೊಂದು ಪೂರ್ತಿ ಸುತ್ತು ತಿರುಗುತ್ತದೆ. ಸಮಭಾಜಕ ವೃತ್ತದ ಮೇಲೆ ನಿಂತವನ ಕಾಲಡಿಯ ನೆಲ ಹಾಗೆ ತಿರುಗುವುದೇ ಇಲ್ಲ. ಅದು ಅವನನ್ನು ಹೊತ್ತುಕೊಂಡು ಮೂಡಣಕ್ಕೆ ಓಡುತ್ತದೆ, ಅಷ್ಟೆ. ನಡುವಿನ ಊರುಗಳಿಗೆ ನಡುವಿನ ಪಾಲು. ಮಂಡ್ಯ ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಇಲ್ಲಿಯ ನೆಲ ಬೀಸುವ ಕಲ್ಲಿನಂತೆ ಒಂದು ಸುತ್ತು ಮುಗಿಸಲು ಸುಮಾರು 110 ಗಂಟೆ, ಅಂದರೆ ನಾಲ್ಕೂವರೆ ದಿನಕ್ಕಿಂತ ತುಸು ಹೆಚ್ಚು ಬೇಕು. ಶ್ರೀನಗರದ ಅಕ್ಷಾಂಶದಲ್ಲಿ ಅದೇ ಸುತ್ತಿಗೆ ಸುಮಾರು 43 ಗಂಟೆ ಸಾಕು. ಉತ್ತರಕ್ಕೆ ಹೋದಷ್ಟೂ ನೆಲದ ಸುತ್ತು ಬಿರುಸಾಗುತ್ತದೆ ಎಂಬ ಈ ಒಂದೇ ಸಂಗತಿಯಲ್ಲಿ ರಾಸ್‌ಬಿ ಅಲೆಯ ಗುಟ್ಟೆಲ್ಲ ಇದೆ.

ಸಮುದ್ರದಲ್ಲಿ ನಿಶ್ಚಲವಾಗಿ ನಿಂತಂತೆ ಕಾಣುವ ನೀರಿನ ಕಂಬವೂ ತನ್ನ ಅಡಿಯ ಭೂಮಿಯೊಂದಿಗೆ ಅಷ್ಟೇ ವೇಗದಲ್ಲಿ, ಉತ್ತರಾರ್ಧಗೋಲದಲ್ಲಾದರೆ ಅಪ್ರದಕ್ಷಿಣವಾಗಿ, ಸುತ್ತುತ್ತಿರುತ್ತದೆ. ಅದನ್ನು ಯಾವುದೋ ಗಾಳಿ ಉತ್ತರಕ್ಕೆ ತಳ್ಳಿತು ಎನ್ನೋಣ. ಅಲ್ಲಿ ಭೂಮಿಯ ಸುತ್ತು ಹೆಚ್ಚು, ಕಂಬದ ಬಳಿ ಇರುವುದು ತೌರಿನಿಂದ ತಂದ ಕಡಿಮೆ ಸುತ್ತು. ಹಾಗಾಗಿ ಹೊಸ ಜಾಗದಿಂದ ನೋಡಿದರೆ ಅದು ಪ್ರದಕ್ಷಿಣವಾಗಿ ತಿರುಗುತ್ತಿರುವಂತೆ ಕಾಣುತ್ತದೆ, ನಿಜವಾಗಿಯೂ ಹಾಗೆಯೇ ತಿರುಗತೊಡಗುತ್ತದೆ. ದಕ್ಷಿಣಕ್ಕೆ ತಳ್ಳಿದರೆ ಇದರ ತಿರುವುಮುರುವು.

ಈಗ ಪೂರ್ವಪಶ್ಚಿಮವಾಗಿ ನಾಟಿ ಹಾಕಿದ ಪೈರಿನ ಒಂದು ನೇರ ಸಾಲನ್ನು ನೆನೆಸಿಕೊಳ್ಳಿ, ಒಂದೊಂದು ಗುತ್ತಿಯೂ ಒಂದೊಂದು ನೀರಿನ ಕಂಬ. ನಡುವಿನ ಗುತ್ತಿ ಉತ್ತರಕ್ಕೆ ಸರಿದು ಪ್ರದಕ್ಷಿಣವಾಗಿ ತಿರುಗತೊಡಗಿದೆ. ಪ್ರದಕ್ಷಿಣವಾಗಿ ತಿರುಗುವ ಯಾವುದೇ ಸುಳಿಯ ಪಡುವಣ ಮಗ್ಗುಲಲ್ಲಿ ನೀರು ಉತ್ತರಕ್ಕೆ ಹರಿಯುತ್ತದೆ, ಮೂಡಣ ಮಗ್ಗುಲಲ್ಲಿ ದಕ್ಷಿಣಕ್ಕೆ. ಆದ್ದರಿಂದ ಪಡುವಣದ ನೆರೆಯ ಗುತ್ತಿ ಉತ್ತರಕ್ಕೆ ಸರಿಯುತ್ತದೆ, ಮೂಡಣದ ನೆರೆಯದು ಇದ್ದ ಜಾಗಕ್ಕಿಂತ ಕೆಳಗೆ ದಕ್ಷಿಣಕ್ಕೆ ಜಾರುತ್ತದೆ. ಸ್ವಲ್ಪ ಹೊತ್ತಿನ ಬಳಿಕ ನೋಡಿದರೆ ಉತ್ತರಕ್ಕೆ ಉಬ್ಬಿದ ಗುತ್ತಿ ನಡುವಿನದಲ್ಲ, ಅದರ ಪಡುವಣದ್ದು. ಆಮೇಲೆ ಅದಕ್ಕೂ ಪಡುವಣದ್ದು. ಒಂದು ಗುತ್ತಿಯೂ ಸಾಲು ಬಿಟ್ಟು ದೂರ ಹೋಗಲಿಲ್ಲ, ಆದರೆ ಉಬ್ಬು ಪಡುವಣಕ್ಕೆ ನಡೆದುಹೋಯಿತು. ದೊಡ್ಡಪ್ಪನ ನಾಲೆಯಲ್ಲಿ ಉಬ್ಬು ಎತ್ತ ಬೇಕಾದರೂ ಓಡಬಲ್ಲದು, ತೂಬು ಇಳಿಸಿದರೆ ಅದರ ತಡೆ ಹಿಂದಕ್ಕೂ ಏರಿ ಬರುತ್ತದೆ. ಇದು ಹಾಗಲ್ಲ. ರಾಸ್‌ಬಿ ಅಲೆಯ ಉಬ್ಬುತಗ್ಗುಗಳು ನಿಂತ ನೀರಿನಲ್ಲಿ ಪಡುವಣಕ್ಕಷ್ಟೇ ಸಾಗುತ್ತವೆ. ದಕ್ಷಿಣಾರ್ಧಗೋಲದಲ್ಲೂ ಪಡುವಣಕ್ಕೇ. ನಾನು ಇದನ್ನು ಮೊದಲ ಸಲ ಕಾಗದದ ಮೇಲೆ ಬಿಡಿಸಿ ನೋಡಿದ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಗೋಡೆ ಇಲ್ಲದ, ಇಳಿಜಾರಿಲ್ಲದ ಸಮುದ್ರಕ್ಕೂ ಒಂದು ದಿಕ್ಕು ಇದೆ ಎಂಬುದು ನನಗೆ ಈಗಲೂ ಅಚ್ಚರಿಯ ವಿಷಯ.

ಈ ಅಲೆಗಳ ಮುಖ್ಯ ಕೆಲಸ ನಡೆಯುವುದು ಮೇಲ್ಮೈಯಲ್ಲಲ್ಲ. ಬಿಸಿಲಿಗೆ ಬೆಚ್ಚಗಾದ ಹಗುರ ನೀರು ಮೇಲೆ, ತಣ್ಣನೆಯ ಭಾರದ ನೀರು ಕೆಳಗೆ, ನಡುವೆ ತಾಪ ಒಮ್ಮೆಲೇ ಇಳಿಯುವ ಥರ್ಮೋಕ್ಲೈನ್ ಎಂಬ ಗಡಿ. ಎರಡೂ ನೀರಿನ ತೂಕದಲ್ಲಿರುವ ವ್ಯತ್ಯಾಸ ಸಾವಿರಕ್ಕೆ ಕೆಲವೇ ಪಾಲು. ಅದರಿಂದಾಗಿ ಮೇಲ್ಮೈ ಹತ್ತು ಸೆಂಟಿಮೀಟರ್ ಉಬ್ಬಿದ ಕಡೆ ಆ ಗಡಿ ಹತ್ತಾರು ಮೀಟರ್ ಕೆಳಕ್ಕೆ ತಗ್ಗಿರುತ್ತದೆ. ಉಬ್ಬಿದ ಕಡೆ ಬೆಚ್ಚನೆಯ ನೀರಿನ ಪದರ ದಪ್ಪ, ತಗ್ಗಿದ ಕಡೆ ತಣ್ಣನೆಯ ನೀರು ಮೇಲ್ಮೈಯ ಹತ್ತಿರ. ಉತ್ತರಾರ್ಧಗೋಲದಲ್ಲಿ ಉಬ್ಬಿನ ಸುತ್ತ ನೀರು ಪ್ರದಕ್ಷಿಣವಾಗಿ ಹರಿಯುತ್ತದೆ, ತಗ್ಗಿನ ಸುತ್ತ ಅಪ್ರದಕ್ಷಿಣವಾಗಿ. ಆದ್ದರಿಂದ ಒಂದು ರಾಸ್‌ಬಿ ಅಲೆ ಹಾದುಹೋಗುವುದೆಂದರೆ ಆ ಜಾಗದ ಪ್ರವಾಹ ತಿಂಗಳುಗಟ್ಟಲೆ ಒಂದು ದಿಕ್ಕಿಗೆ ಹರಿದು ಮತ್ತೆ ಇನ್ನೊಂದು ದಿಕ್ಕಿಗೆ ಹೊರಳುವುದು. ವೇಗ ಮಾತ್ರ ಅಕ್ಷಾಂಶಕ್ಕೆ ತಕ್ಕಂತೆ ಬಹಳ ಬೇರೆ ಬೇರೆ. ಸಮಭಾಜಕದ ಬಳಿ ದಿನಕ್ಕೆ ಎಪ್ಪತ್ತು ಕಿಲೋಮೀಟರಿನಷ್ಟು ಹೋಗುವ ಅಲೆ, ನಮ್ಮ ಅಕ್ಷಾಂಶದಲ್ಲಿ ಸರಳ ಸೂತ್ರದ ಪ್ರಕಾರ ದಿನಕ್ಕೆ ಸುಮಾರು 12 ಕಿಲೋಮೀಟರ್ ಹೋಗುತ್ತದೆ: ಮಂಡ್ಯದಿಂದ ಮದ್ದೂರಿಗೆ ಎರಡು ದಿನವಾಗುತ್ತದೆ ಎನ್ನಿ. 40 ಡಿಗ್ರಿಯ ಬಳಿ ಅದು ದಿನಕ್ಕೆ ಒಂದೆರಡು ಕಿಲೋಮೀಟರಿಗೆ ಇಳಿಯುತ್ತದೆ, ಅಲ್ಲಿ ಸಾಗರವೊಂದನ್ನು ದಾಟಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಬಹುದು.

ಭೂಪಟದಲ್ಲಿ ಸಾಗರ ಪ್ರವಾಹಗಳನ್ನು ನೋಡಿದವರಿಗೆ ಒಂದು ವಿಚಿತ್ರ ಹೊಳೆದಿರಬಹುದು. ಅಟ್ಲಾಂಟಿಕ್‌ನ ಗಲ್ಫ್ ಸ್ಟ್ರೀಮ್, ಜಪಾನಿನ ಕುರೋಶಿಯೋ, ಆಫ್ರಿಕಾದ ಪಕ್ಕದ ಸೊಮಾಲಿ ಪ್ರವಾಹ, ಇವೆಲ್ಲ ತಂತಮ್ಮ ಸಾಗರದ ಪಡುವಣ ಅಂಚಿಗೆ ಅಂಟಿಕೊಂಡಿವೆ. ಗಾಳಿ ಇಡೀ ಸಾಗರದ ಮೇಲೆ ಬೀಸುವಾಗ ಬಲವೆಲ್ಲ ಒಂದೇ ಮಗ್ಗುಲಿಗೆ ಏಕೆ? 1948ರಲ್ಲಿ ಅಮೆರಿಕದ ಸಾಗರವಿಜ್ಞಾನಿ ಹೆನ್ರಿ ಸ್ಟೊಮೆಲ್ ಇದಕ್ಕೆ ಕಾರಣ ಅಕ್ಷಾಂಶದೊಂದಿಗೆ ಬದಲಾಗುವ ಭೂಮಿಯ ಸುತ್ತು ಎಂದು ತೋರಿಸಿದರು. ಅದನ್ನು ಅಲೆಗಳ ಭಾಷೆಯಲ್ಲಿ ಹೇಳಿದರೆ ನನಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸಾಗರದ ನಡುವೆ ಎಲ್ಲಿ ಗಾಳಿ ಬದಲಾದರೂ ಅದರ ಸುದ್ದಿಯನ್ನು ಉದ್ದನೆಯ ರಾಸ್‌ಬಿ ಅಲೆಗಳು ಪಡುವಣಕ್ಕೆ ಹೊತ್ತು ತರುತ್ತವೆ. ಪಡುವಣದ ದಡಕ್ಕೆ ಬಡಿದ ಮೇಲೆ ಹಿಂದಿರುಗುವ ದಾರಿ ಇದೆ, ಆದರೆ ಬಂದಂತೆ ಹಿಂದಿರುಗಲು ಆಗುವುದಿಲ್ಲ: ಉಬ್ಬುತಗ್ಗುಗಳು ಪಡುವಣಕ್ಕೇ ಸರಿಯುತ್ತಿದ್ದರೂ ಶಕ್ತಿಯನ್ನು ಮೂಡಣಕ್ಕೆ ಒಯ್ಯಬಲ್ಲವು ತೀರ ಗಿಡ್ಡ ಅಲೆಗಳು ಮಾತ್ರ. ಅವು ಬಹಳ ನಿಧಾನ, ದಡ ಬಿಟ್ಟು ದೂರ ಹೋಗುವ ಮೊದಲೇ ಘರ್ಷಣೆಯಲ್ಲಿ ಕರಗಿಹೋಗುತ್ತವೆ. ಬರುವ ಹಾದಿ ಅಗಲ, ಹೋಗುವ ಹಾದಿ ಇಕ್ಕಟ್ಟು. ಒಳಗೆ ಬಂದ ಶಕ್ತಿಯೆಲ್ಲ ದಡದ ಪಕ್ಕದ ಸಣ್ಣ ಪಟ್ಟಿಯಲ್ಲಿ ಜಮೆಯಾಗಿ ರಭಸದ ಹರಿವಾಗುತ್ತದೆ. ಆ ಹರಿವಿನ ಪ್ರಮಾಣವನ್ನು ನಮ್ಮೂರಿನ ಅಳತೆಗೆ ತಂದು ನೋಡಿದೆ. ಫ್ಲಾರಿಡಾದ ಪಕ್ಕದ ಜಲಸಂಧಿಯಲ್ಲಿ ಗಲ್ಫ್ ಸ್ಟ್ರೀಮ್ ಸೆಕೆಂಡಿಗೆ ಸುಮಾರು ಮೂರು ಕೋಟಿ ಘನಮೀಟರ್ ನೀರನ್ನು ಒಯ್ಯುತ್ತದೆ. ಕೃಷ್ಣರಾಜಸಾಗರದ ಪೂರ್ಣ ಸಂಗ್ರಹ 49.45 ಟಿಎಂಸಿ, ಅಂದರೆ ಸುಮಾರು 140 ಕೋಟಿ ಘನಮೀಟರ್. ಕಟ್ಟೆ ಬರಿದಾಗಿದ್ದು ಆ ಹರಿವನ್ನು ಅದಕ್ಕೆ ತಿರುಗಿಸಿದರೆ ಒಂದು ನಿಮಿಷ ತುಂಬುವ ಮೊದಲೇ ಪೂರ್ಣ ಮಟ್ಟವಾದ 124.80 ಅಡಿ ಮುಟ್ಟುತ್ತದೆ. ನಾವು ಜೂನ್ ತಿಂಗಳಿನಿಂದ ದಿನವೂ ಪತ್ರಿಕೆಯಲ್ಲಿ ಅಡಿ, ಅಂಗುಲ ಎಣಿಸುತ್ತಾ ಕಾಯುವ ನೀರು ಅದು.

ಇಷ್ಟೆಲ್ಲ ಗಣಿತದಲ್ಲಿ ಇದ್ದರೂ ಸಾಗರದ ರಾಸ್‌ಬಿ ಅಲೆಗಳನ್ನು ಜಗತ್ತಿನಾದ್ಯಂತ ಕಣ್ಣಾರೆ ಕಾಣಲು ಉಪಗ್ರಹ ಬೇಕಾಯಿತು. 1992ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಸೇರಿ ಹಾರಿಸಿದ ಟೋಪೆಕ್ಸ್/ಪೊಸೈಡನ್ ಉಪಗ್ರಹವು 1,336 ಕಿಲೋಮೀಟರ್ ಎತ್ತರದಿಂದ ಸಮುದ್ರದ ಮಟ್ಟವನ್ನು ಕೆಲವೇ ಸೆಂಟಿಮೀಟರಿನ ನಿಖರತೆಯಲ್ಲಿ ಅಳೆಯಿತು. ಆ ಅಳತೆಗಳಲ್ಲಿ ಉಬ್ಬುತಗ್ಗುಗಳು ಓರೆ ಪಟ್ಟೆಗಳಾಗಿ ಪಡುವಣಕ್ಕೆ ಸರಿಯುತ್ತಿರುವುದನ್ನು 1996ರಲ್ಲಿ ಡಡ್ಲಿ ಚೆಲ್ಟನ್ ಮತ್ತು ಮೈಕೆಲ್ ಶ್ಲಾಕ್ಸ್ ತೋರಿಸಿದರು, ಜೊತೆಗೆ ಉಷ್ಣವಲಯದ ಆಚೆ ಅವು ಹಳೆಯ ಸೂತ್ರ ಹೇಳುವುದಕ್ಕಿಂತ ಬೇಗ ಸಾಗುತ್ತವೆ ಎಂಬುದನ್ನೂ. ಸೂತ್ರವನ್ನು ತಿದ್ದುವ ಕೆಲಸಕ್ಕೆ ಅದರಿಂದ ಚಾಲನೆ ಸಿಕ್ಕಿತು. 2013ರ ಫೆಬ್ರುವರಿಯಲ್ಲಿ ಇಸ್ರೋ ಮತ್ತು ಫ್ರಾನ್ಸ್ ಸೇರಿ ಶ್ರೀಹರಿಕೋಟಾದಿಂದ ಹಾರಿಸಿದ ಸರಳ್ ಉಪಗ್ರಹವೂ ಇದೇ ಬಗೆಯ ಅಳತೆಗೆಂದು ಹೋದದ್ದು.

ಇನ್ನು ನಮ್ಮ ಕರಾವಳಿಯ ವಿಷಯ, ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು. ನವೆಂಬರಿನಿಂದ ಫೆಬ್ರುವರಿಯವರೆಗೆ ಮಂಗಳೂರು, ಕಾರವಾರದ ಆಚೆ ದಡದ ಉದ್ದಕ್ಕೂ ಪ್ರವಾಹ ಉತ್ತರಕ್ಕೆ ಹರಿಯುತ್ತದೆ. ಆ ತಿಂಗಳುಗಳಲ್ಲಿ ಅಲ್ಲಿ ಬೀಸುವ ಗಾಳಿ ಹೆಚ್ಚಾಗಿ ಉತ್ತರದ ಕಡೆಯಿಂದ ಬರುವುದು. ಹಾಗಾದರೆ ನೀರು ಗಾಳಿಗೆ ಎದುರಾಗಿ ಹರಿಯುತ್ತಿದೆ. ಮುಂಗಾರು ಮಳೆಗಾಲದಲ್ಲಿ ಪ್ರವಾಹ ದಕ್ಷಿಣಕ್ಕೆ ಹೊರಳುತ್ತದೆ, ತಣ್ಣನೆಯ ಆಳದ ನೀರು ಮೇಲೆದ್ದು ಬಂಗುಡೆ, ಬೂತಾಯಿಗಳಿಗೆ ಮೇವು ಒದಗುತ್ತದೆ. ಅದರಲ್ಲಿ ಇಲ್ಲಿಯ ಗಾಳಿಯ ಪಾಲಿದೆ. ಚಳಿಗಾಲದ ಹರಿವನ್ನು ಮಾತ್ರ ಇಲ್ಲಿಯ ಗಾಳಿಯಿಂದ ವಿವರಿಸಲು ಆಗುವುದಿಲ್ಲ. ಅದು ಬೇರೆ ಊರಿನ ಗಾಳಿಯ ಫಲ.

ಆ ಸುದ್ದಿ ಬರುವ ದಾರಿ ಹೀಗಿದೆ. ವರ್ಷಕ್ಕೆರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಇನ್ನೊಮ್ಮೆ, ಹಿಂದೂ ಮಹಾಸಾಗರದ ಸಮಭಾಜಕದ ಮೇಲೆ ಪಡುವಣ ಗಾಳಿ ಬೀಸಿ ಮೂಡಣಕ್ಕೆ ಬಿರುಸಾದ ಹರಿವನ್ನು ಎಬ್ಬಿಸುತ್ತದೆ. 1973ರಲ್ಲಿ ಇದನ್ನು ವಿವರಿಸಿದ ಕ್ಲಾಸ್ ವಿರ್ಟ್ಕಿಯವರ ಹೆಸರಿನಲ್ಲಿ ಅದನ್ನು ವಿರ್ಟ್ಕಿ ಜೆಟ್ ಎನ್ನುತ್ತಾರೆ. ಅದರ ಜೊತೆಯಲ್ಲೇ ಕೆಲ್ವಿನ್ ಅಲೆ ಎಂಬ ಇನ್ನೊಂದು ಜಾತಿಯ ಅಲೆ ದಿನಕ್ಕೆ ಇನ್ನೂರು ಕಿಲೋಮೀಟರಿನಷ್ಟು ವೇಗದಲ್ಲಿ ಸುಮಾತ್ರದತ್ತ ಓಡುತ್ತದೆ. ಸುಮಾತ್ರಕ್ಕೆ ಬಡಿದ ಮೇಲೆ ಅದರ ಒಂದು ಪಾಲು ರಾಸ್‌ಬಿ ಅಲೆಯಾಗಿ ಪಡುವಣಕ್ಕೆ ಮರಳುತ್ತದೆ. ಉಳಿದದ್ದು ದಡ ಹಿಡಿದು ಹೊರಡುತ್ತದೆ. ಉತ್ತರಾರ್ಧಗೋಲದಲ್ಲಿ ಕೆಲ್ವಿನ್ ಅಲೆ ದಡವನ್ನು ಸದಾ ತನ್ನ ಬಲಕ್ಕೆ ಇಟ್ಟುಕೊಂಡೇ ಸಾಗಬೇಕು, ಬೇರೆ ದಾರಿಯಿಲ್ಲ. ದೇವಸ್ಥಾನದಲ್ಲಿ ಗರ್ಭಗುಡಿಯನ್ನು ಬಲಕ್ಕೆ ಇಟ್ಟುಕೊಂಡು ನಾವು ಸುತ್ತು ಬರುವಂತೆ ಅದು ಮಯನ್ಮಾರ್‌ನ ದಡ ಹತ್ತಿ, ಬಂಗಾಳ ಕೊಲ್ಲಿಯ ನೆತ್ತಿಯಲ್ಲಿ ತಿರುಗಿ, ಒಡಿಶಾ, ಆಂಧ್ರ, ತಮಿಳುನಾಡಿನ ಕರಾವಳಿ ಇಳಿದು, ಶ್ರೀಲಂಕೆಯನ್ನು ಬಳಸಿಕೊಂಡು ಕೇರಳ, ಕರ್ನಾಟಕದ ಕಡೆಗೆ ಏರುತ್ತದೆ. ನಕ್ಷೆಯ ಮೇಲೆ ಬೆರಳಿಟ್ಟು ಎಳೆದು ನೋಡಿ, ದಕ್ಷಿಣ ಭಾರತಕ್ಕೆ ಅದು ಪ್ರದಕ್ಷಿಣೆಯೇ. ದಾರಿಯಲ್ಲಿ ಬಂಗಾಳ ಕೊಲ್ಲಿಯ ಗಾಳಿಯೂ ಅದಕ್ಕೆ ತನ್ನ ಪಾಲು ಸೇರಿಸುತ್ತದೆ.

ಪಡುವಣ ಕರಾವಳಿಗೆ ಬಂದ ಮೇಲೆ ನಡೆಯುವುದೇ ಈ ಕಥೆಯ ಮುಖ್ಯ ಭಾಗ. ಸಮಭಾಜಕಕ್ಕೆ ಹತ್ತಿರದ ಅಕ್ಷಾಂಶಗಳಲ್ಲಿ ದಡದ ಉಬ್ಬು ದಡಕ್ಕೇ ಅಂಟಿಕೊಂಡಿರಲಾರದು, ರಾಸ್‌ಬಿ ಅಲೆಯಾಗಿ ಅರಬ್ಬಿ ಸಮುದ್ರದೊಳಕ್ಕೆ ಬಿಚ್ಚಿಕೊಳ್ಳುತ್ತದೆ. ಚಳಿಗಾಲದಲ್ಲಿ ಲಕ್ಷದ್ವೀಪದ ಬಳಿ ನೂರಾರು ಕಿಲೋಮೀಟರ್ ಅಗಲದ, ಎತ್ತರದಲ್ಲಿ ಒಂದು ಗೇಣಿಗಿಂತ ಕಡಿಮೆಯಿರುವ ಒಂದು ದಿಬ್ಬ ನೀರಿನಲ್ಲಿ ಏಳುತ್ತದೆ. 1997ರಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಡಿ. ಶಂಕರ್ ಮತ್ತು ಸತೀಶ್ ಶೆಟ್ಯೆ ಇದು ಹುಟ್ಟುವ ಬಗೆಯನ್ನು ಇದೇ ಅಲೆಗಳಿಂದ ವಿವರಿಸಿದರು. ದಿಬ್ಬದ ಅಡಿಯಲ್ಲಿ ಥರ್ಮೋಕ್ಲೈನ್ ಆಳಕ್ಕೆ ಇಳಿದಿರುತ್ತದೆ. ಜೊತೆಗೆ ಬಂಗಾಳ ಕೊಲ್ಲಿಯಿಂದ ಬಂದ, ಉಪ್ಪು ಕಡಿಮೆಯಿರುವ ಹಗುರ ನೀರು ಮೇಲೆ ಹರಡಿಕೊಂಡು ತಣ್ಣನೆಯ ನೀರು ಮೇಲೆ ಬೆರೆಯದಂತೆ ತಡೆಯುತ್ತದೆ. ಅದರ ಮೇಲೆ ಮಾರ್ಚ್, ಏಪ್ರಿಲ್ ಬಿಸಿಲು ಬಿದ್ದಾಗ ಮೇಲ್ಮೈಯ ತಾಪ 30 ಡಿಗ್ರಿ ಸೆಲ್ಸಿಯಸ್ ದಾಟಿ, ಮೇ ತಿಂಗಳ ಹೊತ್ತಿಗೆ ಆಗ್ನೇಯ ಅರಬ್ಬಿ ಸಮುದ್ರ ಜಗತ್ತಿನ ಅತಿ ಬೆಚ್ಚನೆಯ ಕಡಲುಗಳಲ್ಲಿ ಒಂದಾಗಿರುತ್ತದೆ. ಕೇರಳಕ್ಕೆ ಮುಂಗಾರು ಕಾಲಿಡುವುದು ಆ ಬೆಚ್ಚನೆಯ ನೀರನ್ನು ದಾಟಿಯೇ. ಅಕ್ಟೋಬರಿನಲ್ಲಿ ಸುಮಾತ್ರದ ಕಡೆ ಬೀಸಿದ ಗಾಳಿಗೂ ಮೇ ತಿಂಗಳಲ್ಲಿ ನಮ್ಮ ಕಡಲಿನ ಬಿಸುಪಿಗೂ ಇಂಥ ನಂಟು ಇದೆಯೆಂದು ತಿಳಿದ ದಿನ ನಾನು ಊರಿಗೆ ಹೋಗಿ ಅಣ್ಣನ ಮುಂದೆ ನಕ್ಷೆ ಹರಡಿದೆ. ಅಣ್ಣ ಸುತ್ತುಬಳಸಿನ ದಾರಿಯನ್ನೆಲ್ಲ ನೋಡಿ, "ಅಲ್ಲಿ ತೂಬು ಎತ್ತಿದ್ರೆ ಇಲ್ಲಿ ಬತ್ತದೆ ಅನ್ನು" ಎಂದ.

ಇದೇ ಎರಡು ಜಾತಿಯ ಅಲೆಗಳು ಪೆಸಿಫಿಕ್‌ನಲ್ಲಿ ಎಲ್ ನಿನೊದ, ಅಂದರೆ ಮೂಡಣ ಪೆಸಿಫಿಕ್ ಕೆಲವು ವರ್ಷಗಳಿಗೊಮ್ಮೆ ಮಾಮೂಲಿಗಿಂತ ಬೆಚ್ಚಗಾಗಿ ನಮ್ಮ ಮುಂಗಾರನ್ನು ಹಲವು ಸಲ ಕುಗ್ಗಿಸುವ ವಿದ್ಯಮಾನದ, ಕಾಲಗತಿಯನ್ನು ನಡೆಸುತ್ತವೆ. ಪಡುವಣ ಪೆಸಿಫಿಕ್‌ನಲ್ಲಿ ಗಾಳಿ ಮಾಮೂಲು ದಿಕ್ಕು ಬಿಟ್ಟು ಬೀಸಿದರೆ ಕೆಲ್ವಿನ್ ಅಲೆ ಎರಡು, ಎರಡೂವರೆ ತಿಂಗಳಲ್ಲಿ ಮೂಡಣಕ್ಕೆ ತಲುಪಿ ಅಲ್ಲಿ ಬೆಚ್ಚನೆಯ ಪದರವನ್ನು ದಪ್ಪ ಮಾಡುತ್ತದೆ. ಅದೇ ಗಾಳಿ ಎಬ್ಬಿಸಿದ ರಾಸ್‌ಬಿ ಅಲೆ ಪಡುವಣಕ್ಕೆ ಹೋಗಿ, ದಡಕ್ಕೆ ಬಡಿದು, ತಣ್ಣನೆಯ ನೀರನ್ನು ಮೇಲೆತ್ತುವ ಕೆಲ್ವಿನ್ ಅಲೆಯಾಗಿ ಹಿಂದಿರುಗಿ, ಎಷ್ಟೋ ತಿಂಗಳ ಮೇಲೆ ಆ ಬಿಸಿಯನ್ನು ಆರಿಸಲು ನೆರವಾಗುತ್ತದೆ. ಎಲ್ ನಿನೊ ಹುಟ್ಟುವಾಗಲೇ ಅದರ ಕೊನೆಯೂ ಇನ್ನೊಂದು ದಿಕ್ಕಿಗೆ ಹೊರಟಿರುತ್ತದೆ. 2023ರಲ್ಲಿ ಅಂಥ ಎಲ್ ನಿನೊ ಬೆಳೆಯಿತು. ಆ ವರ್ಷದ ಆಗಸ್ಟ್, 1901ರಿಂದೀಚಿನ ದಾಖಲೆಯಲ್ಲೇ ದೇಶಕ್ಕೆ ಅತಿ ಕಡಿಮೆ ಮಳೆಯ ಆಗಸ್ಟ್. ನಮ್ಮ ಕೊನೆಭಾಗದಲ್ಲಿ ನಾಟಿ ಹಾಕಿದ ಗದ್ದೆ ಬಿರುಕು ಬಿಟ್ಟು, ಬಿರುಕಿನೊಳಗೆ ಅಂಗೈ ತೂರುವಂತಿತ್ತು. ಹಾಗೆಂದು ಎಲ್ ನಿನೊ ಬಂದಾಗಲೆಲ್ಲ ಬರ ಎಂದು ಹೇಳಲು ನಾನು ಸಿದ್ಧನಿಲ್ಲ. 1997ರಲ್ಲಿ ಶತಮಾನದ ಅತಿ ಬಲವಾದ ಎಲ್ ನಿನೊಗಳಲ್ಲಿ ಒಂದು ಇದ್ದರೂ ದೇಶದ ಮುಂಗಾರು ಮಳೆ ಸರಾಸರಿಯ ಶೇಕಡ 102ರಷ್ಟಾಯಿತು. ಆ ವರ್ಷ ಹಿಂದೂ ಮಹಾಸಾಗರದ ಪಡುವಣ ಬೆಚ್ಚಗಾಗಿ ಮೂಡಣ ತಣ್ಣಗಾಗಿತ್ತು. 1999ರಲ್ಲಿ ವಿಜ್ಞಾನಿಗಳು ಈ ಏರಿಳಿತಕ್ಕೆ ಹಿಂದೂ ಮಹಾಸಾಗರದ ದ್ವಿಧ್ರುವ ಎಂದು ಹೆಸರಿಟ್ಟರು. ಅದರಲ್ಲಿ ಪಡುವಣದ ಬಿಸಿಯನ್ನು ತಿಂಗಳುಗಟ್ಟಲೆ ಉಳಿಸುವುದು ಸಮಭಾಜಕದಿಂದ ದಕ್ಷಿಣಕ್ಕೆ, ಸೆಶೆಲ್ಸ್ ದ್ವೀಪಗಳತ್ತ ಸಾಗುವ ರಾಸ್‌ಬಿ ಅಲೆಗಳೇ.

ಮಂಡ್ಯದಿಂದ ನೇರ ಪಡುವಣಕ್ಕೆ, ಅಕ್ಷಾಂಶ ತಪ್ಪದೆ, ಗೆರೆ ಎಳೆದರೆ ಅದು ಕಾಸರಗೋಡಿನ ಬಳಿ ಕಡಲಿಗೆ ಇಳಿಯುತ್ತದೆ. ಅದೇ ಗೆರೆಯನ್ನು ಮುಂದುವರಿಸಿದರೆ ಸುಮಾರು 2,200 ಕಿಲೋಮೀಟರ್ ಬರಿಯ ನೀರು, ಆಮೇಲೆ ಆಫ್ರಿಕಾದ ಮೂಡಣ ತುದಿಯ ಬಳಿಯ ಸೊಕೋಟ್ರ ದ್ವೀಪ. ದಿನಕ್ಕೆ 12 ಕಿಲೋಮೀಟರಿನ ಲೆಕ್ಕದಲ್ಲಿ ಆ ದೂರಕ್ಕೆ ಆರು ತಿಂಗಳು. ದಾರಿಯುದ್ದಕ್ಕೂ ಬೇರೆ ಗಾಳಿ, ಬೇರೆ ಸುಳಿಗಳು ಅಲೆಯನ್ನು ತಿದ್ದುತ್ತವೆ, ತೇಯುತ್ತವೆ; ಆದರೂ ಲೆಕ್ಕದ ಮಟ್ಟಿಗೆ, ಡಿಸೆಂಬರ್ ಕೊನೆಯಲ್ಲಿ ಕಾಸರಗೋಡಿನ ದಡ ಬಿಟ್ಟ ಉಬ್ಬು ಜೂನ್ ಕೊನೆಗೆ, ನಾಲೆಗೆ ನೀರು ಯಾವಾಗ ಬಿಡುತ್ತಾರೆಂದು ಅಣ್ಣ ಏರಿಯ ಮೇಲೆ ನಿಂತು ನೋಡುವ ಹೊತ್ತಿಗೆ, ಸೊಕೋಟ್ರದ ಹತ್ತಿರ ಇರಬೇಕು. ಅಲ್ಲಿ ಆಗ ಸೊಮಾಲಿ ಪ್ರವಾಹ ದಿಕ್ಕು ಬದಲಿಸಿಕೊಂಡು ಮುಂಗಾರಿನ ಗಾಳಿಯೊಂದಿಗೆ ಉತ್ತರಕ್ಕೆ ಹರಿಯುತ್ತಿರುತ್ತದೆ.